ಡೆಕ್ ಬಿಚ್ಚಿ ನಿಜ ತೋರಿಸಿದ ಆಮ್ರಪಾಲಿ ಅಕ್ಕೋರು

ನಮ್ಮ ಭಾಗದ ವೃತ್ತಿಶಿಕ್ಷಣ ರಂಗದಲ್ಲಿ ಹೆಸರು ಮಾಡಿದ ಹಿರಿಯರು ಹಲವರಿದ್ದಾರೆ. ಆದರೆ ಸೀರೆಯ ಮೇಲೆ ಖಾಕಿ ಕೋಟು ತೊಟ್ಟು, ಮೂವತ್ತೆರಡು ವರ್ಷ ಲೇತ್ ಯಂತ್ರದ ಮುಂದೆ ನಿಂತು ಫಿಟ್ಟರ್ ವಿದ್ಯೆ ಕಲಿಸಿದ ಮಹಿಳೆಯರನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚಾದಾವು. ಆ ಕೆಲವರಲ್ಲಿ ಅಗ್ರಗಣ್ಯರು, ತೊರವಿ ಬಳಿಯ ನಮ್ಮ ಮಹಿಳಾ ತರಬೇತಿ ಸಂಸ್ಥೆಯಿಂದ ಈ ಮೇ ತಿಂಗಳಲ್ಲಿ ನಿವೃತ್ತರಾದ ಶ್ರೀಮತಿ ಆಮ್ರಪಾಲಿಯವರು; ಶಿಕ್ಷಕಿಯನ್ನು ಕರೆಯುವ ನಮ್ಮ ಭಾಗದ ರೂಢಿಯಂತೆ ಎಲ್ಲರಿಗೂ ಅಕ್ಕೋರು. ಅವರ ವಿದ್ಯೆಯನ್ನು ಅಳೆಯುವ ಯೋಗ್ಯತೆ, ಅದೇ ಸಂಸ್ಥೆಯ ಕ್ರೀಡಾ ನಿರ್ದೇಶಕನಾದ ನನಗಿಲ್ಲ. ಅವರಿಂದ ನಾನು ಕಲಿತದ್ದೊಂದು ಪಾಠವಿದೆ. ಅದನ್ನು ಇಲ್ಲಿ ಬರೆದಿಡುವುದು ನನ್ನ ಕರ್ತವ್ಯ.

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಆಮ್ರಪಾಲಿಯವರಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವರು, ಬಾವಿಯ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದ ಅವರ ತಂದೆ ಶಾಂತಪ್ಪನವರು. ಐಟಿಐ ಮುಗಿಸಿ ನಮ್ಮ ಸಂಸ್ಥೆಗೆ ಬಂದಾಗ ಕಾರ್ಯಾಗಾರದಲ್ಲಿ ಅವರಿಗೆ ಕೂರಲು ಕುರ್ಚಿಯೂ ಇರಲಿಲ್ಲವಂತೆ. "ಕುರ್ಚಿ ಇದ್ರ ಕುಂದ್ರಬೇಕಾಗತಿತ್ತು, ಇಲ್ಲದ್ದ ಚಲೋ ಆತು" ಎಂದು ಅವರು ನಗುತ್ತಾ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಬಬಲೇಶ್ವರದ ಸುರೈಯಾ ಎಂಬ ವಿದ್ಯಾರ್ಥಿನಿಯನ್ನು ಮನೆಯವರು ಅರ್ಧಕ್ಕೇ ಬಿಡಿಸಲು ಹೊರಟಾಗ, ಅಕ್ಕೋರು ಒಂದು ವಾರ ದಿನವೂ ಸಂಜೆಯ ಬಸ್ಸಿನಲ್ಲಿ ಆಕೆಯ ಜೊತೆ ಬಬಲೇಶ್ವರಕ್ಕೆ ಹೋಗಿ, ತಂದೆತಾಯಿಯ ಎದುರು ಕೂತು, ಅವರ ಮನೆಯ ಕೆಟ್ಟ ಪಂಪನ್ನು ಆಕೆಯ ಕೈಯಿಂದಲೇ ಬಿಚ್ಚಿಸಿ ಜೋಡಿಸಿದರು. ಏಳನೆಯ ದಿನ ಪಂಪು ನೀರೆತ್ತಿತು, ತಂದೆ ಒಪ್ಪಿದರು. ಇಂದು ಬಬಲೇಶ್ವರದಲ್ಲಿ ದ್ರಾಕ್ಷಿ ತೋಟದ ಔಷಧಿ ಹೊಡೆಯುವ ಯಂತ್ರ ಕೆಟ್ಟರೆ ರೈತರು ಹುಡುಕಿಕೊಂಡು ಹೋಗುವುದು ಸುರೈಯಾಳ ಅಂಗಡಿಯನ್ನೇ.

ಇನ್ನು ಕಳೆದ ಸೆಪ್ಟೆಂಬರಿನ ಮಾತು. ರಾಜ್ಯಮಟ್ಟದ ಮಹಿಳಾ ಫುಟ್ಬಾಲ್ ಪಂದ್ಯಾವಳಿಯನ್ನು ನಮ್ಮ ಮೈದಾನದಲ್ಲಿ ನಡೆಸಲು ಅವಕಾಶ ಕೂಡಿಬಂದಿತ್ತು. ಸೋಮವಾರ ಬೆಳಿಗ್ಗೆ ಪರಿಶೀಲನಾ ತಂಡ ಬರುವುದಿತ್ತು. ಮೈದಾನ ಒಪ್ಪಿಗೆಯಾಗದಿದ್ದರೆ ಪಂದ್ಯಗಳು ಬೇರೆ ಜಿಲ್ಲೆಯ ಪಾಲು. ಎರಡು ವಾರದ ಮಳೆಗೆ ಹುಲ್ಲು ಮೊಣಕಾಲ ಹತ್ತಿರ ಬೆಳೆದಿದ್ದಾಗಲೇ, ಮೇಲೆ ಕೂತು ಓಡಿಸುವ ನಮ್ಮ ಹುಲ್ಲು ಕತ್ತರಿಸುವ ಯಂತ್ರ ಕೈಕೊಟ್ಟಿತು. ಅದರ ಹೊಟ್ಟೆಯ ಕೆಳಗಿನ ಕಬ್ಬಿಣದ ತಟ್ಟೆಗೆ ಡೆಕ್ ಎನ್ನುತ್ತಾರೆ. ಮೂರು ಬ್ಲೇಡುಗಳು ತಿರುಗುವುದು ಅದರೊಳಗೆ. ಆ ಡೆಕ್ಕು ಗಡಗಡ ನಡುಗಿ, ಒಂದು ಕಡೆ ನೆಲ ಬೋಳಿಸಿ, ಇನ್ನೊಂದು ಕಡೆ ಹುಲ್ಲನ್ನು ಹಾಗೆಯೇ ಬಿಟ್ಟು ಸಾಗುತ್ತಿತ್ತು. ನೋಡಲು ಬಂದ, ಯಂತ್ರ ಮಾರಿದವರ ಕಡೆಯವನು ಡೆಕ್ಕಿನ ಒಳಗೋಡೆಯ ಗೀರು ತೋರಿಸಿ, "ಕಲ್ಲಿಗಿ ಬಡದಾರ. ಹೊಸ ಡೆಕ್ಕ ತರಸ್ರಿ, ಮೂರು ವಾರ ಹಿಡೀತೈತಿ" ಎಂದು ಹೇಳಿ ಹೊರಟುಹೋದ. ನಾನು ಆ ಮಾತನ್ನು ನಂಬಿ, ಯಂತ್ರ ಓಡಿಸುತ್ತಿದ್ದ ದಿನಗೂಲಿ ನೌಕರ ಬೀರಣ್ಣನನ್ನು ಕೆಲಸದಿಂದ ತೆಗೆಯುವಂತೆ ಶಿಫಾರಸು ಪತ್ರ ಬರೆದು ಮೇಜಿನ ಮೇಲಿಟ್ಟೆ.

ಶನಿವಾರ ಮಧ್ಯಾಹ್ನ ಸುದ್ದಿ ತಿಳಿದ ಅಕ್ಕೋರು ಕಾರ್ಯಾಗಾರದಿಂದ ನೆಟ್ಟಗೆ ಮೈದಾನಕ್ಕೆ ಬಂದರು. ಬೀರಣ್ಣ ಯಂತ್ರದ ಪಕ್ಕ ತಲೆ ತಗ್ಗಿಸಿ ನಿಂತಿದ್ದ.

"ಅಕ್ಕಾರ, ನಾ ಕಲ್ಲಿಗಿ ಬಡದಿಲ್ರಿ. ಅದು ತಾನ ಅಳಗ್ಯಾಡಾಕ ಹತ್ತಿತ್ತು. ಹೇಳಿದ್ರ ಯಾರೂ ಕೇಳವಲ್ರು."

"ಮದಲ ಯಂತ್ರಾನ ಕೇಳೂಣು ತಡಿ, ಬೀರಣ್ಣ" ಎಂದವರೇ ಅಕ್ಕೋರು ಕೂತುಬಿಟ್ಟರು.

ಎಲ್ಲಕ್ಕಿಂತ ಮೊದಲು ಇಂಜಿನ್ ತಪ್ಪಿ ಶುರುವಾಗದಂತೆ ಪ್ಲಗ್ಗಿನ ತಂತಿ ಬಿಡಿಸಿದರು. ನಾಲ್ಕೂ ಗಾಲಿಯ ಗಾಳಿ ಅಳೆದರು, ಸರಿಯಿತ್ತು. ಬೆಲ್ಟು ಕಳಚಿ, ಡೆಕ್ಕನ್ನು ಹೊರಗೆಳೆಸಿ, ಕೈಗವಸು ಹಾಕಿಕೊಂಡು ಒಂದೊಂದೇ ಬ್ಲೇಡನ್ನು ತಿರುಗಿಸಿದರು. ಎರಡು ಬ್ಲೇಡು ಸದ್ದಿಲ್ಲದೆ ತಿರುಗಿದವು. ಬಲಗಡೆಯದು ಕರಕರ ಎಂದಿತು. ಹಿಡಿದು ಅಲ್ಲಾಡಿಸಿದರೆ ಸಡಿಲ ಹಲ್ಲಿನಂತೆ ಅಲ್ಲಾಡಿತು. ಗೋಡೆಯ ಗೀರು ಕಲ್ಲಿನದಲ್ಲ, ವಾಲಿದ ಬ್ಲೇಡಿನ ತುದಿ ಉಜ್ಜಿದ್ದು ಎಂದು ನನಗೂ ಆಗ ಕಂಡಿತು. ಆ ಬ್ಲೇಡಿನ ದಂಡವನ್ನು ಹೊತ್ತ ಗೂಡನ್ನು ಅವರು ಬಿಚ್ಚಿದರು. ಮೇಲೊಂದು, ಕೆಳಗೊಂದು ಬೇರಿಂಗ್ ಪುಡಿಯಾಗಿದ್ದವು. ಎರಡರ ನಡುವೆ ಇರಬೇಕಾದ ಕೊಳವೆಯಂಥ ಆಸರೆ ಇರಲೇ ಇಲ್ಲ. ಅದಿಲ್ಲದೆ ನಟ್ಟು ಬಿಗಿದರೆ ಬೇರಿಂಗುಗಳು ಹಿಂಡಿಹೋಗಿ, ಬಿಸಿಯಾಗಿ ಸಾಯುತ್ತವೆ.

ಅಕ್ಕೋರು ಆ ಖಾಲಿ ಗೂಡಿನೊಳಗೆ ಬೆರಳಾಡಿಸಿ ಇನ್ನೊಮ್ಮೆ ಖಚಿತ ಮಾಡಿಕೊಂಡರು. ಆಮೇಲೆ ಎದ್ದು, ಪ್ರಾಚಾರ್ಯರೂ ತರಬೇತಿಯ ಹೆಣ್ಣುಮಕ್ಕಳೂ ನೆರೆದಿದ್ದ ಕಡೆ ತಿರುಗಿದರು.

"ಸರ, ಬೀರಣ್ಣಂದು ಏನೂ ತಪ್ಪಿಲ್ಲರಿ. ಮಳಿಗಾಲಕ್ಕಿಂತ ಮದಲ ಈ ಬೇರಿಂಗ್ ಬದ್ಲಿ ಮಾಡಿದಾಕಿ ನಾನ. ನಡುವಿನ ಕೊಳವಿ ಹಾಕೂದು ಮರತೀನಿ. ತಪ್ಪು ನಂದು."

ನಾನು ಅವರನ್ನು ಪಕ್ಕಕ್ಕೆ ಕರೆದು, "ಇದನ್ನ ದುರಸ್ತಿ ವಹಿಯೊಳಗ ಬರಿಯೂದು ಬ್ಯಾಡ್ರಿ ಅಕ್ಕಾರ. ಎಂಟು ತಿಂಗಳಿಗೆ ನಿವೃತ್ತಿ ಐತಿ, ಸುಮ್ಮನ ಒಂದು ಕಲೆ ಯಾಕ?" ಎಂದೆ.

"ಹಂಗಾದ್ರ ಬೀರಣ್ಣಗ ಹತ್ತಿದ ಕಲೆ ಹ್ಯಾಂಗ ಹೋಗತೈತ್ರಿ, ಮಾದೇವ ಸರ?" ಎಂದು ಕೇಳಿ, ವಹಿ ತರಿಸಿ, ತಮ್ಮ ಕೈಯಾರೆ ಬರೆದು ಸಹಿ ಹಾಕಿದರು. ನಾನು ಕೋಣೆಗೆ ಹೋಗಿ ಆ ಶಿಫಾರಸು ಪತ್ರವನ್ನು ಹರಿದು ಬಂದೆ.

ಭಾನುವಾರ ವಿಜಯಪುರದ ಬೇರಿಂಗ್ ಅಂಗಡಿಗಳಿಗೆಲ್ಲ ಬೀಗ. ಅಕ್ಕೋರು ಸುರೈಯಾಳಿಗೆ ಫೋನು ಮಾಡಿ ಬೇರಿಂಗಿನ ನಂಬರು ಹೇಳಿದರು. "ನಮ್ಮ ದ್ರಾಕ್ಷಿ ಮಷೀನಿಗೂ ಅದ ಬೇರಿಂಗರಿ ಅಕ್ಕಾರ, ನೀವು ಬರಬ್ಯಾಡ್ರಿ, ನಾನ ತರತೇನಿ" ಎಂದಳು ಆಕೆ; ಒಂದು ಗಂಟೆಯಲ್ಲಿ ಸ್ಕೂಟರಿನ ಮೇಲೆ ಬಂದಿಳಿದಳು. ಅಷ್ಟರೊಳಗೆ ಅಕ್ಕೋರು ರಜೆಯ ದಿನವೂ ಬಂದಿದ್ದ ವಿದ್ಯಾರ್ಥಿನಿಯರ ಎದುರು ಹಲಗೆಯ ಮೇಲೆ ತಮ್ಮ ತಪ್ಪಿನದೇ ಚಿತ್ರ ಬರೆದು ವಿವರಿಸಿ, ಗೂಡಿನ ಒಳಅಳತೆ ತೆಗೆದು, ಲೇತಿನ ಮೇಲೆ ಹೊಸ ಕೊಳವೆ ಕಡೆದಿದ್ದರು. ಗುರುಶಿಷ್ಯೆಯರು ಸೇರಿ ಬೇರಿಂಗ್ ಕೂರಿಸಿದರು. ಬ್ಲೇಡುಗಳನ್ನು ಸಾಣೆ ಹಿಡಿದು, ನಡುವಿನ ತೂತಿಗೆ ಮೊಳೆ ಕೊಟ್ಟು ತೂಗಿ ಸಮತೂಕ ನೋಡಿದರು. ಕೊನೆಗೆ ಯಂತ್ರವನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ, ಎಡಬಲದ ಬ್ಲೇಡುಗಳು ನೆಲದಿಂದ ಒಂದೇ ಎತ್ತರಕ್ಕೆ ಬರುವಂತೆ, ಮುಂದಿನ ತುದಿ ಹಿಂದಿನದಕ್ಕಿಂತ ಕೂದಲೆಳೆಯಷ್ಟು ತಗ್ಗುವಂತೆ ಡೆಕ್ಕನ್ನು ತೂಗುಹಾಕಿದರು.

ಸೋಮವಾರ ಬೆಳಗಾಗುತ್ತಲೇ ಬೀರಣ್ಣ ಸೀಟೇರಿ ಬ್ಲೇಡು ತಿರುಗಿಸುವ ಹಿಡಿಕೆ ಎಳೆದ. ನಡುಕವಿಲ್ಲ, ಕರಕರವಿಲ್ಲ, ತುಂಬಿದ ಒಂದೇ ದನಿ. ಡೆಕ್ಕನ್ನು ಮೊದಲು ಎತ್ತರಿಸಿಟ್ಟು ಒಮ್ಮೆ, ಇಳಿಸಿ ಇನ್ನೊಮ್ಮೆ ಕೊಯ್ದ. ಅವನ ಹಿಂದೆ ಹಸಿರು ಪಟ್ಟಿ ಜಮಖಾನೆ ಹಾಸಿದಂತೆ ಬಿಚ್ಚುತ್ತಾ ಹೋಯಿತು. ಹೆಣ್ಣುಮಕ್ಕಳು ಕೇಕೆ ಹಾಕಿದರು. ಸುರೈಯಾ ಅಕ್ಕೋರನ್ನು ತಬ್ಬಿಕೊಂಡಳು. ಹತ್ತು ಗಂಟೆಗೆ ಬಂದ ಪರಿಶೀಲಕರು ನಡುಮೈದಾನದಿಂದ ಚೆಂಡು ಉರುಳಿಸಿದರು. ಅದು ಒಮ್ಮೆಯೂ ಪುಟಿಯದೆ ಗೋಲಿನವರೆಗೆ ಓಡಿತು. ಒಪ್ಪಿಗೆಯ ಸಹಿ ಅಲ್ಲೇ ಬಿತ್ತು. ಡಿಸೆಂಬರಿನಲ್ಲಿ ಅದೇ ಮೈದಾನದಲ್ಲಿ ನಮ್ಮ ಹುಡುಗಿಯರು ಒಂದು ಗೋಲಿನಿಂದ ಕಪ್ ಗೆದ್ದರು.

ಪರಿಶೀಲಕರು ಹೊರಟ ಮೇಲೆ ಎಲ್ಲರೆದುರು ನಾನು ಬೀರಣ್ಣನ ಕ್ಷಮೆ ಕೇಳಿದೆ. ಆತ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, "ಇರ್ಲಿ ಬಿಡ್ರಿ ಸರ. ಇನ್ನಮ್ಯಾಲ ನಾ ಹೇಳಿದ್ದ ಒಂದೀಟ ಕೇಳ್ರಿ" ಎಂದ. ಅಂದಿನಿಂದ ಕೇಳುತ್ತಿದ್ದೇನೆ.

ನಿವೃತ್ತಿಯ ಮರುವಾರವೇ ಅಕ್ಕೋರು ಬಿಜ್ಜರಗಿಯಲ್ಲಿ ತಗಡಿನ ಶೆಡ್ಡು ಹಾಕಿ, ಸುರೈಯಾಳ ಜೊತೆಗೂಡಿ, ಊರ ಹೆಣ್ಣುಮಕ್ಕಳಿಗೆ ಯಂತ್ರ ರಿಪೇರಿ ಕಲಿಸಲು ಆರಂಭಿಸಿದ್ದಾರೆ. ಅವರಿಗೆ ಆಯುರಾರೋಗ್ಯ ತುಂಬಿಬರಲಿ, ಆ ಶೆಡ್ಡಿಗೆ ಬಿಡುವೆಂಬುದೇ ಇಲ್ಲದಿರಲಿ. ಅವರು ತಿದ್ದಿದ ಯಂತ್ರಗಳು ಓಡುತ್ತಿರಲಿ; ಅವರು ತಿದ್ದಿದ ನನ್ನಂಥವರು ನೆಟ್ಟಗೆ ನಡೆಯುವಂತಾಗಲಿ.