ಮೇಟಗಳ್ಳಿಯಲ್ಲಿ ಆಡಿದ ಮಾತು

ಚಾಮರಾಜಪುರಂನ ಅಲಮೇಲು ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಕನ್ನಡ ಶೀಘ್ರಲಿಪಿಗಾರ್ತಿಯಾಗಿದ್ದವರು. ಮಾತು ಎಷ್ಟೇ ವೇಗವಾಗಿ ಬರಲಿ, ಸಣ್ಣ ಸಣ್ಣ ಗೆರೆಗಳಲ್ಲಿ ಹಿಡಿದು, ಆಮೇಲೆ ಕೂತು ಪೂರ್ತಿ ಕನ್ನಡದಲ್ಲಿ ಬರೆದುಕೊಡುವುದು ಅವರ ಕೆಲಸ. ಅವರ ಬಳಿ ಆರು ತಿಂಗಳು ಕಲಿತು ಕೈಬಿಟ್ಟವಳು ನಾನು. “ಹೇಳಿದ್ದನ್ನ ಬರಿ. ಹೇಳಬೇಕಿತ್ತು ಅಂತ ನಿನಗನ್ನಿಸಿದ್ದನ್ನ ಬರೀಬೇಡ” ಎಂದು ಎಷ್ಟು ಸಲ ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ.

ನಿವೃತ್ತಿಯಾದ ಮೇಲೆ ಸಂಸದ ಪ್ರಭುಸ್ವಾಮಿಯವರ ಕಚೇರಿಯಿಂದ ಅವರಿಗೆ ಕರೆ ಬಂತು. ಸಂಸದರು ಒಳ್ಳೆಯ ಮಾತುಗಾರರು, ಚೀಟಿ ನೋಡಿ ಓದುವವರಲ್ಲ. ಭಾಷಣಗಳನ್ನು ಬರೆದಿಟ್ಟರೆ ಅವಧಿ ಮುಗಿಯುವಷ್ಟರಲ್ಲಿ ಪುಸ್ತಕ ಮಾಡಬಹುದು ಎಂಬುದು ಅವರ ಯೋಚನೆ. ಅಲಮೇಲು ಒಪ್ಪಿಕೊಂಡರು. ಪ್ರತಿ ಸಭೆಯಲ್ಲೂ ವೇದಿಕೆಯ ಎಡಗಡೆ ಅವರಿಗೊಂದು ಕುರ್ಚಿ.

ಸಮುದ್ರದಾಚೆಯ ಒಂದು ದೇಶದ ಒಳಜಗಳಕ್ಕೆ ನಮ್ಮ ಸೈನ್ಯ ಹೋದದ್ದು ಅದಾದ ಮರುವರ್ಷ. ಮೊದಲ ತಿಂಗಳು ಊರಲ್ಲಿ ಎಲ್ಲಿ ನೋಡಿದರೂ ಬಾವುಟ. ಮೇಟಗಳ್ಳಿಯ ಕಲ್ಯಾಣಮಂಟಪದಲ್ಲಿ ಆ ಊರಿನವನೇ ಆದ ಸಿಪಾಯಿ ಸಿದ್ದಲಿಂಗಸ್ವಾಮಿಗೆ ಬೀಳ್ಕೊಡುಗೆ ನಡೆಯಿತು. ಅವನಿಗೆ ಹಾರ ಹಾಕಿ, ಭುಜದ ಮೇಲೆ ಕೈಯಿಟ್ಟುಕೊಂಡೇ ಪ್ರಭುಸ್ವಾಮಿ ನಲವತ್ತು ನಿಮಿಷ ಮಾತಾಡಿದರು.

ಎರಡೂವರೆ ವರ್ಷ ಕಳೆದರೂ ಯುದ್ಧ ಮುಗಿಯಲಿಲ್ಲ. ಶವಪೆಟ್ಟಿಗೆಗಳು ಬರತೊಡಗಿದವು. ಹೋಟೆಲಿನಲ್ಲಿ, ಸಿಟಿ ಬಸ್ಸಿನಲ್ಲಿ, ತರಕಾರಿ ಅಂಗಡಿಯ ಮುಂದೆ ಜನ “ನಮಗ್ಯಾಕೆ ಬೇಕಿತ್ತು ಇದು?” ಎಂದು ಕೇಳತೊಡಗಿದರು. ಸಿದ್ದಲಿಂಗಸ್ವಾಮಿ ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ಇಲ್ಲದೆ ಮನೆಗೆ ಬಂದ. ಚುನಾವಣೆಗೆ ಆರು ತಿಂಗಳಿತ್ತು.

ಪ್ರಭುಸ್ವಾಮಿಯವರ ಮಾತು ಬದಲಾದದ್ದು ಒಂದೇ ದಿನದಲ್ಲಲ್ಲ. ಮೊದಲು ಯುದ್ಧ ಬೇಗ ಮುಗಿಯಲಿ ಎಂದರು. ಒಂದು ತಿಂಗಳಾದ ಮೇಲೆ, ಸೈನ್ಯ ಹೋದ ರೀತಿ ಸರಿಯಿರಲಿಲ್ಲ ಎಂದರು. ಯುಗಾದಿ ಕಳೆದ ಮೇಲೆ ಒಂದು ಸಭೆಯಲ್ಲಿ, “ನಾನು ಮೊದಲಿನಿಂದಲೂ ಈ ಯುದ್ಧದ ವಿರೋಧಿ” ಎಂದುಬಿಟ್ಟರು. ಅಲಮೇಲು ಮೂರನ್ನೂ ಬರೆದುಕೊಂಡರು. ಮೂರನೆಯದನ್ನು ಬರೆಯುವಾಗ ಮಾತ್ರ ತಲೆಯೆತ್ತಿ ಅವರ ಮುಖ ನೋಡಿದರಂತೆ.

ಆ ವಾರವೇ ಸಂಸದರ ಆಪ್ತ ಸಹಾಯಕ ವಸಿಷ್ಠ ಮನೆಗೆ ಬಂದ.

“ಮೇಡಂ, ಪುಸ್ತಕ ಪ್ರೆಸ್ಸಿಗೆ ಹೋಗ್ತಿದೆ. ಮೇಟಗಳ್ಳಿ ಭಾಷಣದಲ್ಲಿ ಎರಡು ಪ್ಯಾರಾ ಸರಿಮಾಡಿಕೊಡಿ. ‘ಕಳಿಸಲೇಬೇಕು’ ಅಂತಿರೋ ಕಡೆ ‘ಕಳಿಸುವ ಮುಂಚೆ ಯೋಚಿಸಬೇಕು’ ಅಂತ ಮಾಡಿದರೆ ಸಾಕು.”

“ಬೇಡ ಅಂದರೆ ಇಡೀ ಭಾಷಣ ತೆಗೆದುಬಿಡಿ ವಸಿಷ್ಠ, ಅದು ನಿಮ್ಮಿಷ್ಟ. ಮಾತು ಬದಲಾಯಿಸೋದು ನನ್ನ ಕೈಲಾಗಲ್ಲ.”

“ಸಾಹೇಬರ ಅಭಿಪ್ರಾಯ ಬದಲಾಗಿದೆ. ಬದಲಾಗಬಾರದಾ ಮೇಡಂ?”

“ಧಾರಾಳವಾಗಿ ಬದಲಾಗಲಿ ಕಣಪ್ಪ. ಬದಲಾಯಿತು ಅಂತ ಹೇಳಲಿ, ಅದನ್ನೂ ಬರ್ಕೋತೀನಿ.”

ವಸಿಷ್ಠ ಕಾಫಿ ಕುಡಿದು, ಟೈಪಾದ ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋದ. ಮುಂದಿನ ಸಭೆಗೆ ಅಲಮೇಲುಗೆ ಕರೆ ಬರಲಿಲ್ಲ. ಗೆರೆಗಳ ನೋಟ್‌ಬುಕ್ಕುಗಳನ್ನು ಮಾತ್ರ ಅವನು ಕೇಳಿರಲಿಲ್ಲ, ಅವು ಬೇರೆ ಯಾರಿಗೂ ಓದಲು ಬರುವುದಿಲ್ಲವಲ್ಲ.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಗೇಟಿನ ಬಳಿ ಆಟೋ ನಿಂತು, ಊರುಗೋಲಿನ ಮೇಲೆ ಸಿದ್ದಲಿಂಗಸ್ವಾಮಿ ಇಳಿದ. ವೇದಿಕೆಯ ಪಕ್ಕ ಕೂತು ಬರೆಯುತ್ತಿದ್ದ ಹೆಂಗಸಿನ ನೆನಪು ಅವನಿಗಿತ್ತು. ಸಂಸದರ ಕಚೇರಿಯ ಜವಾನ ವಿಳಾಸ ಕೊಟ್ಟಿದ್ದ.

“ಒಂದು ವಿಷ್ಯ ಕೇಳೋಕೆ ಬಂದೆ ಮೇಡಂ. ಆವತ್ತು ಎಂಪಿ ಸಾಹೇಬ್ರು ಏನಂದ್ರು? ಯುದ್ಧ ಬ್ಯಾಡ ಅಂತ ಆವತ್ತೇ ಅಂದಿದ್ರು ಅಂತಾರೆ ಎಲ್ಲ. ನಮ್ಮವ್ವನೂ ಅಂಗೇ ಅಂತಾಳೆ. ವಿಡಿಯೊ ಹುಡುಕಿದ್ರೆ ಸಿಗ್ತಿಲ್ಲ. ಪೆಟ್ಟು ಬಿದ್ದಾಗ ನನ್ನ ಜ್ಞಾಪಕವೇ ಕೆಟ್ಟೋಯ್ತೇನೋ ಅನ್ನಿಸ್ಬುಟ್ಟಿದೆ.”

ಅಲಮೇಲು ಬೀರುವಿನಿಂದ ನೋಟ್‌ಬುಕ್ ತೆಗೆದು, ತಾರೀಖು ನೋಡಿ, ನಿಧಾನವಾಗಿ ಓದಿದರು. “‘ಈ ಯುದ್ಧಕ್ಕೆ ನಮ್ಮ ಮಕ್ಕಳನ್ನು ಕಳಿಸಲೇಬೇಕು. ಹಿಂದೆಗೆಯುವವರು ಈ ಮಣ್ಣಿನವರಲ್ಲ. ನನಗೊಬ್ಬ ಮಗನಿದ್ದಿದ್ದರೆ ಸಿದ್ದಲಿಂಗಸ್ವಾಮಿಯ ಜೊತೆ ಅವನನ್ನೂ ಕಳಿಸುತ್ತಿದ್ದೆ.’ ಆಮೇಲೆ ದೀರ್ಘ ಚಪ್ಪಾಳೆ ಅಂತ ಬರೆದಿದ್ದೀನಿ.”

ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. “ಸದ್ಯ. ನನ್ನ ತಲೆ ಸರಿಯಾಗೇ ಅದೆ” ಎಂದ.

ಅಲಮೇಲು ನೋಟ್‌ಬುಕ್ ಮುಚ್ಚಲಿಲ್ಲ. “ಇನ್ನೊಂದು ಮಾತು ಹೇಳಬೇಕು ನಿಂಗೆ. ಆ ಚಪ್ಪಾಳೆಯಲ್ಲಿ ನಂದೂ ಇತ್ತು. ಸರ್ವಿಸಿನಲ್ಲಿ ಯಾವತ್ತೂ ಪೆನ್ಸಿಲು ಕೆಳಗಿಟ್ಟವಳಲ್ಲ, ಆವತ್ತು ಇಟ್ಟುಬಿಟ್ಟೆ.”

“ನಂಗೂ ಖುಷಿಯಾಗಿತ್ತು ಬುಡಿ ಮೇಡಂ” ಎಂದ. ಆಮೇಲೆ ಅಲಮೇಲು ಆ ಮಾತುಗಳನ್ನು ಬಿಳಿ ಹಾಳೆಯಲ್ಲಿ ದುಂಡಗೆ ಬರೆದು, ತಾರೀಖು ಹಾಕಿ, ಕೆಳಗೆ ಸಹಿ ಮಾಡಿ ಕೊಟ್ಟರು.

ಆ ಭಾನುವಾರ ಹೂಟಗಳ್ಳಿಯ ಬಡಾವಣೆಯವರ ಸಭೆಗೆ ಪ್ರಭುಸ್ವಾಮಿ ಬಂದರು. ಅಲಮೇಲು ಹಿಂದಿನ ಸಾಲಿನಲ್ಲಿದ್ದರು. ನಾನೂ ಅವರ ಜೊತೆಗಿದ್ದೆ. ಪ್ರಶ್ನೆ ಕೇಳುವ ಹೊತ್ತಿಗೆ ಸಿದ್ದಲಿಂಗಸ್ವಾಮಿ ಎದ್ದು ವೇದಿಕೆಯವರೆಗೆ ಹೋಗಿ ಹಾಳೆ ಕೊಟ್ಟ. ಅವನ ತಾಯಿ ಪುಟ್ಟಬಸಮ್ಮ ಮುಂದಿನ ಸಾಲಿನಲ್ಲಿ ಸೆರಗು ಹಿಡಿದುಕೊಂಡು ಕೂತಿದ್ದರು.

ಪ್ರಭುಸ್ವಾಮಿ ಕನ್ನಡಕ ಹಾಕಿಕೊಂಡು ಓದಿದರು. ವಸಿಷ್ಠ ಹಾಳೆಗೆ ಕೈಚಾಚಿದ, ಅವರು ಕೊಡಲಿಲ್ಲ.

“ಆವತ್ತಿನ ಪರಿಸ್ಥಿತಿ ಬೇರೆ ಇತ್ತಪ್ಪ.”

“ಪರಿಸ್ಥಿತಿ ಬುಡಿ ಸಾರ್. ನೀವು ಅಂದಿದ್ರಾ ಇಲ್ವಾ, ಅಷ್ಟೇ ಯೋಳಿ.”

ಅವರು ಹಾಳೆಯನ್ನು ಇನ್ನೊಮ್ಮೆ ಓದಿಕೊಂಡರು. “ಅಂದಿದ್ದೆ” ಎಂದರು ಪ್ರಭುಸ್ವಾಮಿ. ಮೈಕು ಹತ್ತಿರವಿದ್ದುದರಿಂದ ಎಲ್ಲರಿಗೂ ಕೇಳಿಸಿತು.

“ಅಷ್ಟೇ ಸಾರ್ ಬೇಕಾಗಿದ್ದು” ಎಂದು ಅವನು ಬಂದು ತಾಯಿಯ ಪಕ್ಕ ಕೂತ. ಯಾರೂ ಕೂಗಾಡಲಿಲ್ಲ. ಮುಂದಿನ ಪ್ರಶ್ನೆ ಕಾವೇರಿ ನೀರಿನ ಪೈಪಿನದು.

ಪ್ರಭುಸ್ವಾಮಿ ಕಡಿಮೆ ಅಂತರದಲ್ಲಿ ಗೆದ್ದರು. ‘ಮೊದಲಿನಿಂದಲೂ’ ಎಂಬ ಮಾತನ್ನು ಆಮೇಲೆ ಎಲ್ಲೂ ಆಡಿದ್ದು ನಾನು ಕೇಳಲಿಲ್ಲ. ಪುಸ್ತಕ ಮೇಟಗಳ್ಳಿಯ ಭಾಷಣವಿಲ್ಲದೆ ಬಂತು. ಅಲಮೇಲುಗೆ ಅವರ ಕಚೇರಿಯಿಂದ ಮತ್ತೆ ಕರೆ ಬರಲಿಲ್ಲ, ಅವರಿಗೆ ಅದರ ಬೇಸರವೂ ಇರಲಿಲ್ಲ. ಸೈನ್ಯ ಆ ವರ್ಷದ ಕೊನೆಗೆ ವಾಪಸಾಯಿತು. ಸಿದ್ದಲಿಂಗಸ್ವಾಮಿ ಕೃತಕ ಕಾಲು ಹಾಕಿಸಿಕೊಂಡು ಹೂಟಗಳ್ಳಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ.

ಒಂದು ಮಧ್ಯಾಹ್ನ ಪುಟ್ಟಬಸಮ್ಮ ಒಬ್ಬರೇ ಚಾಮರಾಜಪುರಂಗೆ ಬಂದರು. ನಾನು ಅಲ್ಲೇ ಇದ್ದೆ.

“ಆವತ್ತಿನ ಭಾಷಣ ಪೂರ್ತಿ ಓದ್ತೀರೇನವ್ವ? ನಾನು ಕೇಳಿದ್ದು ಒಂದು, ಮನಸ್ನಲ್ಲಿ ಇಟ್ಕೊಂಡಿದ್ದು ಇನ್ನೊಂದು.”

ಅಲಮೇಲು ಮೊದಲ ಸಾಲಿನಿಂದ ಕೊನೆಯವರೆಗೂ, ಒಂದಕ್ಷರ ಬಿಡದೆ ಓದಿದರು. ಪುಟ್ಟಬಸಮ್ಮ ಅಲ್ಲಾಡದೆ ಕೇಳಿದರು.

“ಎಷ್ಟು ಚೆನ್ನಾಗಿ ಮಾತಾಡವ್ರೆ” ಎಂದರು ಕೊನೆಗೆ. “ಅದ್ಕೇ ನಾನೂ ಕಳಿಸ್ಬುಟ್ಟೆ.”