ಹಾಸಿಗೆಯಣ್ಣನ ಒಪ್ಪಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಯಾರಾದರೂ ಬುದ್ಧಿ ಹೇಳಿದರೆ ಹಾಸಿಗೆಯಣ್ಣನಿಗೆ ರೇಗುತ್ತಿತ್ತು. "ಮೊದ್ಲು ಕಾಲು ಚಾಚಿ ಸ್ವಾಮಿ, ಅಷ್ಟುದ್ದದ ಹಾಸಿಗೆ ನಾನು ಹೊಲಿದು ಕೊಡ್ತೀನಿ" ಅನ್ನುತ್ತಿದ್ದ. ಅವನ ಅಂಗಡಿಯ ಹಿಂದಿನ ಕೋಣೆ ತುಂಬ ಹತ್ತಿ, ಮುಂದಿನ ಕೋಣೆಯಲ್ಲಿ ಹೊಲಿಗೆಯಂತ್ರ, ಅದರ ಮುಂದೆ ತಂಗಿ. ಅಪ್ಪ ಅಮ್ಮ ಬೇಗ ಕಣ್ಮುಚ್ಚಿದ ಮೇಲೆ ಅವಳ ಪರವಾಗಿ ಮಾತಾಡುವುದು ಅವನ ಪಾಲಿಗೇ ಬಂದಿತ್ತು. ಶಾಲೆ ಬಿಡಿಸಿದ್ದು, ಹೊಲಿಗೆ ಕಲಿಸಿದ್ದು, ನೋಡಲು ಬಂದ ಗಂಡನ್ನು ವಾಪಸು ಕಳಿಸಿದ್ದು, ಎಲ್ಲ ಅವನೇ. ಕೆಟ್ಟವನಲ್ಲ. ಅವಳಿಗೆ ನೆಗಡಿಯಾದರೆ ತಾನು ಊಟ ಬಿಡುವಂಥ ಪ್ರಾಣಿ. ಅವಳನ್ನೊಂದು ಮಾತು ಕೇಳಬಹುದು ಅಂತ ತಲೆಗೆ ಹೊಳೆದಿರಲಿಲ್ಲ, ಅಷ್ಟೆ.

ಈ ಸಲದ ನೆಗಡಿ ಜ್ವರವಾಯಿತು, ಜ್ವರ ಎದೆಗಿಳಿಯಿತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಂಗಿಗೆ ಎಚ್ಚರವಿರಲಿಲ್ಲ. ಶ್ವಾಸಕೋಶದ ಪುಟ್ಟ ಪುಟ್ಟ ಗಾಳಿಚೀಲಗಳಲ್ಲೆಲ್ಲ ನೀರು ತುಂಬಿದೆ, ಈಗ ಉಸಿರಾಡುತ್ತಿರುವುದು ಅವಳಲ್ಲ, ಯಂತ್ರ ಅಂದರು ಅಲ್ಲಿನ ಡಾಕ್ಟರಮ್ಮ. ಗಾಜಿನಾಚೆ ನೋಡಿದರೆ ತಂಗಿಯನ್ನು ಬೋರಲು ಮಲಗಿಸಿದ್ದರು. ಹೊಟ್ಟೆ ಒತ್ತಿ ನೋಯುತ್ತದಲ್ಲ ಅನ್ನಿಸಿತು ಅವನಿಗೆ. ಅಂಗಡಿಗೆ ಓಡಿ, ತನ್ನ ಕೈಯಾರೆ ತುಂಬಿದ ಮೆತ್ತನೆಯ ದಿಂಬೊಂದನ್ನು ತಂದು, ಹೊಟ್ಟೆಯ ಕೆಳಗಿಡಿ ಅಂತ ನರ್ಸಿನ ಕೈಗಿತ್ತ.

"ಹೊಟ್ಟೆ ಒತ್ತಬಾರ್ದು ಅಂತಾನೇ ಎದೆ, ಸೊಂಟದ ಕೆಳಗೆ ದಿಂಬಿಟ್ಟು ಹೀಗೆ ಎತ್ತಿ ಮಲಗಿಸಿರೋದು ಅಣ್ಣಾ. ಬೆನ್ನಿನ ಕಡೆ ಶ್ವಾಸಕೋಶ ಅರಳಲಿ ಅಂತ ಬೋರಲು" ಎಂದು ಅವಳು ದಿಂಬು ಹಿಂದಿರುಗಿಸಿದಳು. ಬದುಕೆಲ್ಲ ಜನರನ್ನು ಮಲಗಿಸಿದವನಿಗೆ ಮಲಗುವುದೇ ಅರ್ಥವಾಗದೆ ಹೋಯಿತು.

ಮಾರನೆಯ ದಿನ ಡಾಕ್ಟರಮ್ಮ ಅವನನ್ನೂ ಅವನ ಹೆಂಡತಿಯನ್ನೂ ಕೂರಿಸಿಕೊಂಡು, ಇಲ್ಲೊಂದು ಸಂಶೋಧನೆ ನಡೆಯುತ್ತಿದೆ ಅಂದರು. ಕೆಲವರನ್ನು ಮಾಮೂಲಿನಷ್ಟು ಹೊತ್ತು ಬೋರಲು ಮಲಗಿಸುತ್ತಾರೆ, ಕೆಲವರನ್ನು ಇನ್ನೂ ಹೆಚ್ಚು ಹೊತ್ತು. ಯಾರು ಯಾವ ಗುಂಪಿಗೆ ಅಂತ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ.

"ಎರಡರಲ್ಲಿ ಯಾವ್ದು ಒಳ್ಳೇದು ಅಷ್ಟು ಹೇಳಿಬಿಡಿ ತಾಯಿ, ಅದನ್ನೇ ಮಾಡಿ."

"ಗೊತ್ತಿಲ್ಲ. ಗೊತ್ತಿದ್ರೆ ಸಂಶೋಧನೆ ಯಾಕೆ ಮಾಡ್ತಿದ್ವಿ?"

ಓದಿದವರು ಗೊತ್ತಿಲ್ಲ ಅನ್ನುವುದನ್ನು ಹಾಸಿಗೆಯಣ್ಣ ಅದೇ ಮೊದಲು ಕೇಳಿದ್ದು. ಒಪ್ಪಿದರೆ ತಂಗಿಯ ಜೀವದ ಮೇಲೆ ಚೀಟಿ ಎತ್ತಿದ ಹಾಗೆ. ಒಪ್ಪದಿದ್ದರೆ ಇವರು ಕೈ ಬಿಟ್ಟುಬಿಟ್ಟರೆ? "ಒಪ್ಪದಿದ್ರೂ ಚಿಕಿತ್ಸೆ ಕಮ್ಮಿಯಾಗಲ್ಲ" ಅಂತ ಡಾಕ್ಟರಮ್ಮ ಎಷ್ಟು ಹೇಳಿದರೂ ಆ ಮಾತು ಅವನ ಕಿವಿಯಲ್ಲಿ ನಿಲ್ಲಲಿಲ್ಲ. ಅತ್ತ ದರಿ, ಇತ್ತ ಪುಲಿ. ಹೆಂಡತಿಯ ಮುಖ ನೋಡಿದ.

"ಇಷ್ಟು ವರ್ಷ ಎಲ್ಲಾ ನೀವೇ ಹೇಳಿದ್ದಲ್ವಾ? ಇದನ್ನೂ ಹೇಳಿ" ಅಂದಳು ಅವಳು.

ಹೇಳಿದ. ಹೂಂ ಅಂದ. ಕಂಪ್ಯೂಟರ್ ತಂಗಿಯನ್ನು ಹೆಚ್ಚು ಹೊತ್ತಿನ ಗುಂಪಿಗೆ ಹಾಕಿತು. ಅದು ಪುಣ್ಯವೋ ಪಾಪವೋ ತಿಳಿಯದೆ ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತಲ್ಲೇ ಕೂತ. ವಾರಗಳು ಕಳೆದವು. ತಂಗಿ ನಿಧಾನವಾಗಿ ಕಣ್ಣು ಬಿಟ್ಟಳು. ಹಾಗೆ ಮಲಗಿಸಿದ್ದರಿಂದ ಉಳಿದಳೋ, ಹೇಗೆ ಮಲಗಿಸಿದ್ದರೂ ಉಳಿಯುತ್ತಿದ್ದಳೋ? ಕೇಳಿದರೆ ಡಾಕ್ಟರಮ್ಮ ಮತ್ತೆ ಅದೇ "ಗೊತ್ತಿಲ್ಲ" ಅಂದರು. ಅವನಿಗೆ ಮಾತ್ರ ಒಳಗೊಳಗೇ ಗಟ್ಟಿಯಾಗಿತ್ತು: ತನ್ನ ಹೂಂ ಒಂದೇ ಅವಳ ಉಸಿರನ್ನು ಹಿಡಿದಿಟ್ಟಿರುವುದು.

ಹಾಗಿರುವಾಗ ಡಾಕ್ಟರಮ್ಮ ತಂಗಿಯ ಮಂಚದ ಹತ್ತಿರ ಬಂದು ಕೂತರು. "ನಿಮಗೆ ಎಚ್ಚರ ಇಲ್ದಾಗ ನಿಮ್ಮಣ್ಣ ಒಪ್ಕೊಂಡಿದ್ರು. ಈಗ ನಿಮ್ಮನ್ನೇ ಕೇಳಬೇಕು. ನಿಮ್ಮ ವಿವರ ಬಳಸ್ಕೊಂಡು, ಮುಂದೆಯೂ ನಿಮ್ಮ ಆರೋಗ್ಯ ವಿಚಾರಿಸ್ತಾ ಇರ್ತೀವಿ. ನೀವು ಸಂಶೋಧನೆಯಲ್ಲಿ ಮುಂದುವರೀತೀರಾ? ಬೇಡ ಅಂದ್ರೂ ಚಿಕಿತ್ಸೆ ಹೀಗೇ ನಡೆಯುತ್ತೆ."

ತಂಗಿ ಅಭ್ಯಾಸಬಲದಿಂದ ಅಣ್ಣನ ಕಡೆ ನೋಡಿದಳು. ಅವನು ಹೂಂ ಅನ್ನು, ಹೂಂ ಅನ್ನು ಅಂತ ತಲೆಯಾಡಿಸುತ್ತಿದ್ದ.

"ಅವರನ್ನಲ್ಲ ನೋಡೋದು. ನಿಮ್ಮ ಮನಸ್ಸಲ್ಲಿ ಏನಿದೆ?"

ತಂಗಿ ಅಣ್ಣನಿಂದ ಕಣ್ಣು ತೆಗೆದು ಸೂರಿನ ಕಡೆ ನೋಡಿದಳು. ಕತ್ತಿನಲ್ಲಿ ಉಸಿರಿನ ಕೊಳವೆಯಿದ್ದುದರಿಂದ ದನಿಯಿರಲಿಲ್ಲ, ತುಟಿ ಮಾತ್ರ ಅಲುಗಿತು. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಹಾಸಿಗೆಯಣ್ಣನಿಗೆ ಆಯಿತು. ಅಂಗಡಿಯ ಹತ್ತಿ ಹಿಂಜುವ ಯಂತ್ರದ ಗದ್ದಲದಲ್ಲಿ ಅಣ್ಣತಂಗಿ ವರ್ಷಗಟ್ಟಲೆ ತುಟಿ ನೋಡಿಯೇ ಮಾತಾಡಿದವರು.

"ಏನಂದ್ರು?" ಡಾಕ್ಟರಮ್ಮ ಅವನ ಕಡೆ ತಿರುಗಿದರು.

ಹೂಂ ಅಂದಳು ಅಂದುಬಿಟ್ಟರೆ ಮುಗಿಯಿತು. ಅಲ್ಲಗಳೆಯಲು ತಂಗಿಗೆ ದನಿಯಿಲ್ಲ, ಅವಳ ತುಟಿ ಓದಬಲ್ಲವರು ಈ ಕೋಣೆಯಲ್ಲಿ ಬೇರೆ ಯಾರಿಲ್ಲ. ಬೇಡ ಅಂದರೆ ಇವರು ಯಂತ್ರ ಕಿತ್ತುಕೊಂಡು ಹೋಗುತ್ತಾರೇನೋ ಎಂಬ ಭಯ ಅವನಿಗೆ ಇನ್ನೂ ಹೋಗಿರಲಿಲ್ಲ. ತಂಗಿ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು. ಬಂದ ಗಂಡನ್ನು ಕಳಿಸಿದ ದಿನವೂ ಹೀಗೇ ನೋಡಿದ್ದಳೇ? ಅವನ ನೆನಪಿಗೆ ಬರಲಿಲ್ಲ. ಅವತ್ತು ಅವನು ಅವಳ ಮುಖ ನೋಡಿಯೇ ಇರಲಿಲ್ಲ.

"ಬೇಡ ಅಂತಿದಾಳೆ" ಅಂದ ಹಾಸಿಗೆಯಣ್ಣ.