ಒಂಬತ್ತು ಹಾಡುಗಳ ನೋಟ್‌ಬುಕ್ಕು

ಅಣ್ಣ ಹೇಳಿದ ಒಂದು ಸುಳ್ಳನ್ನು ನಾನು ಮೂವತ್ತೊಂದು ವರ್ಷ ನಂಬಿದೆ. ಮದುವೆಯಾಗಿ, ಮುಂಬಯಿ ಹತ್ತಿರದ ಡೊಂಬಿವಲಿಯ ತವರುಮನೆ ಬಿಟ್ಟ ವಾರವೇ ಅವನನ್ನು ಕೇಳಿದ್ದೆ, ನನ್ನ ಹಾಡಿನ ನೋಟ್‌ಬುಕ್ಕು ಎಲ್ಲಿ ಅಂತ. ರದ್ದಿಗೆ ಹೋಯಿತು, ಅಮ್ಮ ಹಳೇ ಪೇಪರಿನ ಜೊತೆ ಕೊಟ್ಟುಬಿಟ್ಟಳು ಎಂದ. "ನಾನು ಕೊಡ್ಲಿಲ್ಲ ಮಾರಾಯ್ತಿ, ದೇವರಾಣೆ" ಎಂದು ಅಮ್ಮ ಎಷ್ಟು ಹೇಳಿದರೂ ನಾನು ಕೇಳಲಿಲ್ಲ. ಮಗಳ ವಸ್ತುವಿಗೆ ಈ ಮನೆಯಲ್ಲಿ ಇಷ್ಟೇ ಬೆಲೆ ಎಂದು ಕೂಗಾಡಿ, ನಾಲ್ಕು ತಿಂಗಳು ಅವಳ ಹತ್ತಿರ ಮಾತು ಬಿಟ್ಟೆ. ಅಮ್ಮ ಈಗ ಇಲ್ಲ.

ಆ ನೋಟ್‌ಬುಕ್ಕಿನಲ್ಲಿದ್ದದ್ದು ಒಂದು ಹಾರ್ಡ್ ರಾಕ್ ಆಲ್ಬಮ್ಮಿನ ಒಂಬತ್ತು ಹಾಡುಗಳು. ಯಾವ ತಂಡ, ಯಾವ ಆಲ್ಬಮ್ ಎಂದು ನಾನು ಬರೆಯುವುದಿಲ್ಲ. ಬರೆದರೆ ನೀವು ಮೊಬೈಲಿನಲ್ಲಿ ಹುಡುಕಿ, ಅರ್ಧ ಹಾಡು ಕೇಳಿ, "ಅಯ್ಯೋ, ಎಂಥ ಗಲಾಟೆ" ಎಂದು ನಿಲ್ಲಿಸುತ್ತೀರಿ, ಆಮೇಲೆ ನನಗೆ ಸಿಟ್ಟು ಬರುತ್ತದೆ.

ನಮ್ಮದು ಉಡುಪಿ ಕಡೆಯ ಸಂಸಾರ. ಅಪ್ಪ ಕಲ್ಯಾಣ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಿದ್ದರು. ಅಣ್ಣನನ್ನು ಇಂಗ್ಲಿಷ್ ಶಾಲೆಗೆ ಹಾಕಿದರು, ನನ್ನನ್ನು ಕನ್ನಡ ಶಾಲೆಗೆ. ಗಂಡು ಹುಡುಗ ಮುಂದೆ ಬರಬೇಕಲ್ಲ, ಹೆಣ್ಣಿಗೆ ಇಷ್ಟು ಸಾಕು. ಹಾಗಾಗಿ ಅಣ್ಣನಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ, ಒಂದಕ್ಷರ ಓದಲು ಬರುವುದಿಲ್ಲ. ಉತ್ತರ ಕೊಡುವುದು ಯಾವಾಗಲೂ ಹಿಂದಿಯಲ್ಲೇ.

ಕ್ಯಾಸೆಟ್ ತಂದವನು ಅಣ್ಣನೇ, ಇಲ್ಲವೆನ್ನುವುದಿಲ್ಲ. ಕಾಲೇಜಿನ ಗೆಳೆಯನೊಬ್ಬನ ರೆಕಾರ್ಡಿನಿಂದ ತುಂಬಿಸಿಕೊಂಡು ಬಂದಿದ್ದ. ನನಗೆ ಆಗ ಹದಿನಾಲ್ಕು, ಅಡುಗೆ ಮೂಲೆಯಲ್ಲಿ ಹಿಟ್ಟು ರುಬ್ಬುತ್ತಿದ್ದೆ. ಡ್ರಮ್ಮಿನ ನಾಲ್ಕು ಏಟು ಬಿತ್ತು, ಗಿಟಾರು ಶುರುವಾಯಿತು, ನನ್ನ ಕೈ ನಿಂತಿತು. ಮೊದಲ ಮೂರು ಹಾಡು ಉಸಿರು ಬಿಡಲು ಬಿಡುವುದಿಲ್ಲ. ನಾಲ್ಕನೆಯದು ನಿಧಾನದ್ದು. ಹಾಡುವವನು ಬಾಯಿ ತೆರೆಯುವ ಮೊದಲು ಒಮ್ಮೆ ಉಸಿರೆಳೆದುಕೊಳ್ಳುತ್ತಾನೆ. ಆ ಉಸಿರೂ ಟೇಪಿನಲ್ಲಿ ಬಂದಿದೆ. ಎಲ್ಲೋ ದೂರದ ದೇಶದ ಗಂಡಸು ನಮ್ಮ ಎರಡು ಕೋಣೆಯ ಮನೆಯಲ್ಲಿ ನನ್ನ ಪಕ್ಕ ಕೂತು ಉಸಿರಾಡಿದ ಹಾಗೆ ಅನ್ನಿಸಿ ನನಗೆ ಕಣ್ಣಲ್ಲಿ ನೀರು ಬಂತು. ಯಾರಿಗೂ ಹೇಳಲಿಲ್ಲ.

ಪದಗಳು ಅಣ್ಣನಿಗೂ ಹಿಡಿಯುತ್ತಿರಲಿಲ್ಲ, ಅಷ್ಟು ಕಿರುಚಾಟ. ಅದಕ್ಕೆ ಕೆಲಸ ಹಂಚಿಕೊಂಡೆವು. ನಾನು ಟೇಪು ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಹಾಕಿ, ಕಿವಿಗೆ ಬಿದ್ದ ಸದ್ದನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೆ. ಆಮೇಲೆ ನಿಧಾನವಾಗಿ ಓದಿ ಹೇಳಿದರೆ ಅವನು ಅದರೊಳಗಿಂದ ಇಂಗ್ಲಿಷ್ ಪದ ಹೆಕ್ಕಿ ಅರ್ಥ ಹೇಳುತ್ತಿದ್ದ. ಹಾಡು ಬರೆಯುವ ಕ್ರಮ ಎಂದು ನನಗೆ ಗೊತ್ತಿದ್ದದ್ದು ಅಮ್ಮನ ಭಜನೆ ಪುಸ್ತಕದ ಕ್ರಮ ಒಂದೇ. ಹಾಗಾಗಿ ಮತ್ತೆ ಮತ್ತೆ ಬರುವ ಸಾಲಿನ ಕೊನೆಗೆ ॥ಪ॥ ಎಂದು ಪಲ್ಲವಿಯ ಗುರುತು ಹಾಕಿದೆ, ಒಂದೊಂದು ನುಡಿ ಮುಗಿದಾಗ ॥೧॥, ॥೨॥. ಎಳೆದು ಕಿರುಚುವ ಕಡೆ, ಎಷ್ಟು ಹೊತ್ತು ಕಿರುಚಿದನೋ ಅಷ್ಟು ಅವಗ್ರಹ, ಽಽಽ ಅಂತ. ಒಂದು ಕಡೆ ಹನ್ನೊಂದಿವೆ. ಬೇಸಿಗೆ ರಜೆ ಪೂರ್ತಿ ಇದಕ್ಕೇ ಹೋಯಿತು.

ನವರಾತ್ರಿಯಲ್ಲಿ ಶಾರದಾ ಪೂಜೆಗೆ ಪುಸ್ತಕ ಇಡುವಾಗ ಅಮ್ಮ ಅದನ್ನೂ ಇಟ್ಟು, ರಟ್ಟಿಗೆ ಕುಂಕುಮ ಹಚ್ಚಿದಳು. ಮಾರನೆಯ ದಿನ ತೆಗೆದು, ಕನ್ನಡಕ ಏರಿಸಿ, ಒಂದು ಪುಟ ಗಟ್ಟಿಯಾಗಿ ಓದಿದಳು. "ಇದು ಯಾವ ದೇವರದ್ದು ಮಾರಾಯ್ತಿ? ಒಂದು ಶಬ್ದ ಗೊತ್ತಾಗುದಿಲ್ಲ!" ಅಣ್ಣನೂ ನಾನೂ ನೆಲದ ಮೇಲೆ ಬಿದ್ದು ಬಿದ್ದು ನಕ್ಕೆವು. ಅದೇ ದಿನ ಕೊನೆಯ ಪುಟದಲ್ಲಿ ನಾನು ಮೂರು ಸಾಲು ಬರೆದು ಅವನಿಗೆ ಓದಿ ಹೇಳಿದೆ. "ಇದು ಅಣ್ಣನ ಮತ್ತು ನನ್ನ ಪುಸ್ತಕ. ಬರೆದದ್ದು ನಾನು, ಅರ್ಥ ಹೇಳಿದ್ದು ಅಣ್ಣ. ಯಾರೂ ಒಬ್ಬರೇ ಇಟ್ಟುಕೊಳ್ಳುವಂತಿಲ್ಲ." ಅವನು ಕೆಳಗೆ ಇಂಗ್ಲಿಷಿನಲ್ಲಿ ಸಹಿ ಹಾಕಿದ.

ಈಗ ನಾನಿರುವುದು ಠಾಕುರ್ಲಿಯಲ್ಲಿ. ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೇಸ್ ಪೇಪರ್ ಮಾಡಿಕೊಡುವ ಕೌಂಟರಿನಲ್ಲಿ ಕೆಲಸ. ದಿನವಿಡೀ ಜನರ ಮೇಲೆ ಕೂಗಿ ಕೂಗಿ ಗಂಟಲು ಗಟ್ಟಿಯಾಗಿದೆ. ಎರಡು ವರ್ಷದ ಹಿಂದೆ ಆ ಆಲ್ಬಮ್ಮಿನ ಅಭಿಮಾನಿಗಳ ವಾಟ್ಸಾಪ್ ಗುಂಪೊಂದು ಸಿಕ್ಕಿತು. ಕೆಲಸಕ್ಕೆಂದು ಇಟ್ಟುಕೊಂಡ, ಮನೆಯವರ್ಯಾರಿಗೂ ಗೊತ್ತಿಲ್ಲದ ಇನ್ನೊಂದು ನಂಬರಿನಿಂದ ಸೇರಿಕೊಂಡೆ. ಚಿತ್ರದ ಜಾಗದಲ್ಲಿ ದಾಸವಾಳದ ಹೂವು. ಅವರೆಲ್ಲ ನನ್ನನ್ನು ಗಂಡಸೆಂದುಕೊಂಡು "ಭಾಯ್" ಎನ್ನುತ್ತಿದ್ದರು. ನಾನು ತಿದ್ದಲಿಲ್ಲ, ತಿದ್ದಿದರೆ ಮಾತಿನ ಧಾಟಿಯೇ ಬದಲಾಗುತ್ತದೆ, ನನಗೆ ಗೊತ್ತಿಲ್ಲವೇ? ಏಳನೇ ಹಾಡಿನ ಗಿಟಾರು ಒಂದೋ ಎರಡೋ ಎಂದು ಒಂದು ವಾರ ಜಗಳವಾಡಿದ್ದೇವೆ. ನಾಲ್ಕನೇ ಹಾಡಿನ ಆ ಉಸಿರಿನ ಬಗ್ಗೆ ನಾನು ಬರೆದ ದಿನ, ಒಬ್ಬರ ಹಿಂದೆ ಒಬ್ಬರು "ನನಗೂ ಹಾಗೇ ಆಗುತ್ತೆ ಭಾಯ್" ಎಂದರು. ನಲವತ್ತು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಮಾತು ಅದು.

ಕಳೆದ ತಿಂಗಳು ಗುಂಪಿನಲ್ಲಿ ಕರೆ ಬಂತು. ಭಾನುವಾರ ಮಧ್ಯಾಹ್ನ, ಘೋಡಬಂದರ್ ರಸ್ತೆಯ ಒಂದು ಕಾಂಪ್ಲೆಕ್ಸಿನ ಕ್ಲಬ್‌ಹೌಸಿನಲ್ಲಿ ಎಲ್ಲರೂ ಕೂತು ಆ ರೆಕಾರ್ಡನ್ನು ಮೊದಲಿಂದ ಕೊನೆಯವರೆಗೆ ಕೇಳುವುದು. ಜೊತೆಗೆ ಹಳೆಯ ಅಭಿಮಾನಿಯೊಬ್ಬರು ಹುಡುಗನಾಗಿದ್ದಾಗ ಕೈಯಿಂದ ಬರೆದ ಹಾಡಿನ ಪುಸ್ತಕ ತೋರಿಸುತ್ತಾರೆ ಎಂದೂ ಇತ್ತು. ನನಗೆ ಎಂಥ ಖುಷಿ! ನನ್ನ ಹಾಗೇ ತಲೆಕೆಟ್ಟವನು ಇನ್ನೊಬ್ಬ ಇದ್ದಾನಲ್ಲ ಎಂದುಕೊಂಡೆ. ನಮ್ಮವರಿಗೆ ಸಹೋದ್ಯೋಗಿಯ ಮನೆಯ ಪೂಜೆ ಎಂದು ಸುಳ್ಳು ಹೇಳಿ, ಥಾಣೆಯಲ್ಲಿ ಲೋಕಲ್ ಟ್ರೇನು ಇಳಿದು ಬಸ್ಸು ಹಿಡಿದೆ. ಎಲ್ಲರೂ ಕಪ್ಪು ಟೀಶರ್ಟು, ಹೊಟ್ಟೆ ಮಾತ್ರ ಮುಂದೆ. ನಾನೊಬ್ಬಳೇ ಸೀರೆ. ಯಾರದೋ ಅಮ್ಮ ದಾರಿ ತಪ್ಪಿ ಬಂದಿದ್ದಾರೆ ಎಂಬಂತೆ ನೋಡಿದರು. ಹಿಂದಿನ ಸಾಲಿನಲ್ಲಿ ಕೂತೆ.

ಮುಂದೆ ಮೇಜಿನ ಮೇಲೆ ನನ್ನ ನೋಟ್‌ಬುಕ್ಕು. ಪಕ್ಕದಲ್ಲಿ ಮೈಕು ಹಿಡಿದು ಅಣ್ಣ.

ಮೊದಲು ನಿಜಕ್ಕೂ ಸಂತೋಷವೇ ಆಯಿತು. ಅಯ್ಯೋ ದೇವರೇ, ಸಿಕ್ಕಿತಲ್ಲ ಅಂತ. ಎದ್ದು ಹೋಗುವವಳಿದ್ದೆ. ಅಷ್ಟರಲ್ಲಿ ಅವನ ಮಾತು ಕಿವಿಗೆ ಬಿತ್ತು. ಆಗ ಇಂಟರ್‌ನೆಟ್ ಇರಲಿಲ್ಲ, ನಾನು ಒಬ್ಬನೇ ಕೂತು ಟೇಪು ತಿರುಗಿಸಿ ತಿರುಗಿಸಿ ಬರೆದೆ ಎನ್ನುತ್ತಿದ್ದ. ಮನೆಯಲ್ಲಿ ಯಾರಿಗೂ ಈ ಸಂಗೀತ ಆಗುತ್ತಿರಲಿಲ್ಲವಂತೆ, ಕಿವಿ ಮುಚ್ಚಿಕೊಳ್ಳುತ್ತಿದ್ದರಂತೆ. ಕನ್ನಡ ಅಕ್ಷರ ಯಾಕೆ ಎಂದು ಒಬ್ಬ ಕೇಳಿದ್ದಕ್ಕೆ, ಮಾತೃಭಾಷೆಯ ಪ್ರೀತಿ ಎಂದ! ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಬ್ಬ ॥ಪ॥ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದ. ಅದು ನಾನೇ ಮಾಡಿಕೊಂಡ ಗುರುತು, ಇಲ್ಲಿ ಗಿಟಾರ್ ಬರುತ್ತದೆ ಎಂದು ಅರ್ಥ ಎಂದ ಮಹಾನುಭಾವ. ಎಲ್ಲರೂ ಫೋಟೋ ತೆಗೆದುಕೊಂಡರು. "ನಾನು" ಎಂದಲ್ಲೆಲ್ಲ "ನಾವು" ಎಂದಿದ್ದರೆ ನನಗೆ ಸಾಕಿತ್ತು. ಅಷ್ಟೂ ಬರಲಿಲ್ಲ ಅವನ ಬಾಯಲ್ಲಿ.

ನಾಲ್ಕನೇ ಹಾಡು ಓದಿ ಎಂದು ಯಾರೋ ಕೂಗಿದರು. ಅಣ್ಣ ಜೇಬು ಮುಟ್ಟಿ ಕನ್ನಡಕ ಮರೆತೆ ಎಂದ. ತಲೆಯೆತ್ತಿದಾಗ ನಾನು ಎದ್ದು ನಿಂತಿದ್ದೆ.

ಅವನ ಮುಖ ಬಿಳಿಚಿತು. ಆದರೆ ಬಾಯಿ ಚುರುಕು, ಮೊದಲಿಂದಲೂ. ಅರೇ, ನನ್ನ ತಂಗಿ, ಇವಳಿಗೆ ನಾನೇ ಕಲಿಸಿದ್ದು, ಇವಳು ಓದುತ್ತಾಳೆ ಎಂದು ಮುಂದೆ ಕರೆದು ಮೈಕು ನನ್ನ ಕೈಗಿಟ್ಟ. ನಾನು ನಾಲ್ಕನೇ ಹಾಡು ತೆರೆಯಲಿಲ್ಲ, ಕೊನೆಯ ಪುಟ ತೆರೆದೆ. ಕೌಂಟರಿನ ಗಂಟಲಿನಲ್ಲಿ, ಆ ಹಾಡಿನದೇ ನಿಧಾನದಲ್ಲಿ, ಒಮ್ಮೆ ಉಸಿರೆಳೆದುಕೊಂಡು ಓದಿದೆ. "ಇದು ಅಣ್ಣನ ಮತ್ತು ನನ್ನ ಪುಸ್ತಕ. ಬರೆದದ್ದು ನಾನು, ಅರ್ಥ ಹೇಳಿದ್ದು ಅಣ್ಣ. ಯಾರೂ ಒಬ್ಬರೇ ಇಟ್ಟುಕೊಳ್ಳುವಂತಿಲ್ಲ." ಆ ಕೋಣೆಯಲ್ಲಿ ಕನ್ನಡ ತಿಳಿಯುವವನು ಅವನೊಬ್ಬನೇ. ಉಳಿದವರು ಅದೇ ಹಾಡಿನ ಕನ್ನಡ ಎಂದುಕೊಂಡು ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ.

ಆಮೇಲೆ ಹತ್ತಿರ ಬಂದು, ಎಷ್ಟೋ ವರ್ಷದ ನಂತರ ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ, ಬೇರೆಯವರಿಗೆ ತಿಳಿಯಬಾರದಲ್ಲ. "ಇಲ್ಲಿ ಬೇಡ. ಎಲ್ಲರ ಎದುರು ನನ್ನ ಮರ್ಯಾದೆ ತೆಗೀಬೇಡ."

"ಅಮ್ಮ ರದ್ದಿಗೆ ಕೊಟ್ಟಳು ಅಂದಿದ್ದಿಯಲ್ಲ?" ಎಂದೆ.

"ಹಳೇದೆಲ್ಲ ಈಗ ಯಾಕೆ? ನಿನಗೆ ಮದುವೆಯಾಗಿತ್ತು, ನಿನಗೆ ಅದ್ಯಾಕೆ ಬೇಕಿತ್ತು?"

ನಾನು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬಾಗಿಲು ದಾಟುವಾಗ ರೆಕಾರ್ಡು ಹಾಕಿದರು, ಡ್ರಮ್ಮಿನ ನಾಲ್ಕು ಏಟು ಕೇಳಿಸಿತು. ಬಸ್ ಸ್ಟಾಪಿನವರೆಗೂ ನಾನು ನಿಲ್ಲಲಿಲ್ಲ.

ಲೋಕಲಿನಲ್ಲಿ ಕೂತು ಫೋನು ತೆಗೆದೆ. ಅಣ್ಣನನ್ನು ಅವತ್ತೇ ಗುಂಪಿಗೆ ಸೇರಿಸಿಕೊಂಡಿದ್ದರು. ಪುಸ್ತಕ ಎಲ್ಲಿ ಹೋಯಿತು ಎಂದು ಯಾರೋ ಕೇಳಿದ್ದರು. ಅವನ ಉತ್ತರ ಹಿಂದಿಯಲ್ಲಿತ್ತು. "ತಂಗಿ ತಗೊಂಡು ಹೋದಳು. ಪಾಪ, ಅವಳು ಅದನ್ನು ಭಜನೆ ಪುಸ್ತಕ ಅಂದುಕೊಂಡಿದ್ದಾಳೆ." ಕೆಳಗೆ ಸಾಲು ಸಾಲು ನಗುವ ಮುಖಗಳು. ಉಸಿರಿನ ಬಗ್ಗೆ ನನಗೂ ಹಾಗೇ ಎಂದಿದ್ದವರೂ ನಕ್ಕಿದ್ದರು. ಒಬ್ಬ ನನ್ನ ದಾಸವಾಳಕ್ಕೆ ಬರೆದಿದ್ದ, ಇಂಥ ದಿನ ನೀನು ಬರಲೇ ಇಲ್ಲವಲ್ಲ ಭಾಯ್, ಎಂಥ ಮಜಾ ಇತ್ತು ಅಂತ.

ಫೋನು ಮುಚ್ಚಿ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡೆ. ರಟ್ಟಿನ ಮೇಲೆ ಕುಂಕುಮದ ಕಲೆ ಹಾಗೇ ಇತ್ತು, ಕಂದು ಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಕೈಯಿಟ್ಟು, ಪಕ್ಕದವಳು ತಿರುಗಿ ನೋಡಿದರೂ ಗಟ್ಟಿಯಾಗಿಯೇ ಹೇಳಿದೆ, "ಅಮ್ಮಾ, ನೀನು ಕೊಟ್ಟಿರಲಿಲ್ಲ."